ಬರಿಗಾಲಿನ ಹೀರೋ

…ಹದಿನೇಳು ನಿಮಿಷ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಹನ್ನೊಂದೇ ಇದ್ದಿರಬಹುದು. ತೀರಿಹೋದ ಹೀರೋ ಒಬ್ಬರು ನಮ್ಮ ಪಾಲಿಗೆ ಬಿಟ್ಟುಹೋದ ದೃಶ್ಯಗಳ ಒಟ್ಟು ಉದ್ದ ಅದು. ಹೇಳುತ್ತ ಹೇಳುತ್ತ ನಾನೇ ಅದನ್ನು ಹಿಗ್ಗಿಸಿದೆನೋ ಏನೋ. ಮೂವತ್ತು ವರ್ಷ ಎಡಿಟಿಂಗ್ ಮಾಡಿದವನ ನೆನಪನ್ನು ಪೂರ್ತಿ ನಂಬಬಾರದು. ಹೊಂದದ ತುಂಡು ಕಂಡರೆ ಕೈ ತಾನಾಗಿಯೇ ಕತ್ತರಿಸಿಬಿಡುತ್ತದೆ.

ಕೋವಿಡ್ ಮುಗಿದ ಮರುವರ್ಷ. ಬಳ್ಳಾರಿಯಲ್ಲಿ ಕಿಟಕಿಗೆ ಕೋಟೆ ಗುಡ್ಡ ಕಾಣುವ ಮಹಡಿ ಕೋಣೆಯೇ ನನ್ನ ಸ್ಟುಡಿಯೋ. ಹೆಚ್ಚಿನ ಕೆಲಸ ಮದುವೆ ವಿಡಿಯೋಗಳದ್ದು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ ಸಿದ್ದನಗೌಡರು ಹಿಂದೆ ಒಂದು ಕರಾಟೆ ಸಿನಿಮಾ ತೆಗೆದಿದ್ದರು. ಅದರ ಹೀರೋ ಕುರುಗೋಡಿನ ಕರಾಟೆ ಮಾಸ್ತರ್ ಈರಣ್ಣ. ಯೂಟ್ಯೂಬಿನಲ್ಲಿ ಅದು ಚೆನ್ನಾಗಿ ಓಡಿತು; ಗಡಿಯಾಚೆಯ ತೆಲುಗಿನವರೂ ನೋಡಿದರು. ಎರಡನೆಯ ಸಿನಿಮಾ ಶುರುವಾದ ನಾಲ್ಕನೇ ದಿನ ಈರಣ್ಣ ಹೃದಯಾಘಾತದಿಂದ ತೀರಿಕೊಂಡರು.

ಕೆಲವು ತಿಂಗಳ ನಂತರ ಗೌಡರು ಹಾರ್ಡ್ ಡಿಸ್ಕ್ ಹಿಡಿದು ಮೆಟ್ಟಿಲೇರಿ ಬಂದರು.

"ಹೀರೋ ಇಲ್ಲ, ಸಿನಿಮಾ ಐತ್ರಿ. ಪೋಸ್ಟರ್ ಸುದ್ದಾ ರೆಡಿ: ಈರಣ್ಣನ ಕೊನೆಯ ಚಿತ್ರ!"

"ಮೊದಲಿನ ಸಿನಿಮಾಕ್ಕ ಮೊನ್ನೆ ನೀವ ಹಂಗಂತ ಹಾಕಿದ್ರಲ್ರಿ, ಗೌಡ್ರ?"

"ಇದು ಕೊನೇದರ ಭಾಗ ಎರಡು."

ಗೌಡರ ಉಪಾಯ ಸರಳವಾಗಿತ್ತು. ಮುಖಕ್ಕೆ ಹಳೆಯ ಶಾಟ್‌ಗಳು, ಮೈಗೆ ಡೂಪ್, ಅಂದರೆ ಹೀರೋನ ಬದಲಿಗೆ ಬೆನ್ನು ತೋರಿಸಿ ನಟಿಸುವವನು. ಡೂಪ್ ಆಗಿ ಬಂದವನು ಈರಣ್ಣನ ಶಿಷ್ಯ ಹುಸೇನಿ, ಜೀನ್ಸ್ ಘಟಕವೊಂದರಲ್ಲಿ ಹೊಲಿಗೆ ಕೆಲಸದವನು. ಗುರುವಿನದೇ ಬೆನ್ನು, ಗುರುವಿನದೇ ನಡಿಗೆ. ಹಾಗಾಗಿ ನಮ್ಮ ಹೀರೋ ಪ್ರೇಯಸಿಯೊಂದಿಗೂ ಗೋಡೆಯ ಕಡೆ ತಿರುಗಿಯೇ ಮಾತಾಡಿದ. ಈರಣ್ಣ ಒಮ್ಮೆ ಹೊಡೆದಿದ್ದ ಕಣ್ಣನ್ನು ನಾನು ನಾಲ್ಕು ಕಡೆ ಹೊಡೆಸಿದೆ.

ಜೋಡಿಸಲು ಕೂತಾಗ ತಲೆ ಕೆಟ್ಟಿತು. ಬಿಳಿ ಬೂಟು ಹಾಕಿಕೊಂಡು ಜಿಗಿಯುವ ಈರಣ್ಣ, ನೆಲ ಮುಟ್ಟುವಾಗ ಬರಿಗಾಲಲ್ಲಿದ್ದರು. ಎಲ್ಲ ಫೈಟಿನಲ್ಲೂ ಹೀಗೇ. ಮುಖ ಕಾಣಬಾರದೆಂದು ಕಾಯುತ್ತಿದ್ದ ನಮ್ಮವರು ಕಾಲು ನೋಡಿರಲಿಲ್ಲ. ಹುಸೇನಿಯನ್ನು ಕರೆಸಿದೆ.

"ಮಾಸ್ತರ ಬೂಟಿನ್ಯಾಗ ಕಾಲಿಟ್ಟು ಇನ್ನೊಬ್ಬನ್ನ ಹೆಂಗ ಒದೀಲಿ ಸರ್? ಗುರುಗಳ ಬೂಟು ರೀ ಅದು."

"ಅವರ ಶರ್ಟ್ ಹಾಕ್ಕೊಂಡೀಯಲ್ಲಲೇ?"

"ಅದು ನಾನ ಹೊಲಕೊಂಡದ್ದು ರೀ. ಅವರ ಶರ್ಟ್ ಅಕ್ಕನ ಕಡಿ ಐತಿ."

ಮತ್ತೆ ಶೂಟ್ ಮಾಡುವಂತಿರಲಿಲ್ಲ. ಖಳರಾಗಿದ್ದ ಎಂಟು ಮಂದಿಯೂ ಘಟಕದ ಪಾಳಿಗೆ ಮರಳಿದ್ದರು.

ಆದರೆ ನಿಜವಾದ ಕಷ್ಟ ಬೇರೆಯೇ ಇತ್ತು. ಹುಸೇನಿ ಹೇಳಿದ ಅಕ್ಕ ಈರಣ್ಣನ ಹೆಂಡತಿ ಗಂಗಮ್ಮ, ಕುರುಗೋಡಿನ ಅಂಗನವಾಡಿ ಕಾರ್ಯಕರ್ತೆ. ಆಕೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದೆ ಸಿನಿಮಾ ಹೊರಬರುವಂತಿರಲಿಲ್ಲ. ಗೌಡರ ಕ್ಲೈಮ್ಯಾಕ್ಸ್ ಆಗಿದ್ದದ್ದೋ ಈರಣ್ಣನ ಅಂತಿಮ ಮೆರವಣಿಗೆಯ ವಿಡಿಯೋ. ಅವರ ಮನೆತನದ ಪದ್ಧತಿಯಂತೆ ಹೂವಿನ ಮಂಟಪದಲ್ಲಿ ಕೂರಿಸಿದ್ದ ದೇಹ. ಖಳರು ಅದನ್ನು ನೋಡಿ ನಗಬೇಕು, ಆಮೇಲೆ ಹೀರೋ ಎದ್ದುಬರಬೇಕು. ಗಂಗಮ್ಮನ ಮಗಳಿಗೆ ಆಗ ಆರು ವರ್ಷ. ಅಪ್ಪ ಹಾಗೆ ಕೂತದ್ದು ಕಾಣಬಾರದೆಂದು ಆ ದಿನ ಅವಳನ್ನು ಮೋಕ ಎಂಬ ಊರಿನ ಸೋದರಮಾವನ ಮನೆಗೆ ಕಳಿಸಿದ್ದರು.

"ಅಕ್ಕಗ ಅದಿಲ್ಲದ್ದು ತೋರಿಸ್ರಿ. ಸೈನ್ ಆದಮ್ಯಾಲೆ ಸೇರಿಸ್ರಿ," ಎಂದರು ಗೌಡರು.

ಗಂಗಮ್ಮ ಬೆಳಗಿನ ಬಸ್ಸಿಗೆ ಬಂದರು. ಜೊತೆಗೆ ಹುಸೇನಿ ಇದ್ದ; ಗೌಡರು ಮೊದಲೇ ಬಂದು ಕೂತಿದ್ದರು. ಪರದೆಯಲ್ಲಿ ಬರಿಗಾಲು ಕಂಡದ್ದೇ ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಹುಸೇನಿ, ನಿನ್ನ ಹಿಮ್ಮಡಿ ಬಿರುಕು ಊರಿಗೆಲ್ಲ ಗೊತ್ತೈತಿ! ಅವರ ಕಾಲಿಗೆ ನಾನು ದಿನಾ ಎಣ್ಣಿ ಹಚ್ಚತಿದ್ನಿ."

ಕೊನೆಗೆ ಹೂವಿನ ಮಂಟಪ ಪರದೆಗೆ ಬಂತು. ನಾನು ಬೇಕೆಂದೇ ತೋರಿಸಿದೆನೋ, ತೆಗೆಯುವುದನ್ನು ಮರೆತೆನೋ ಇವತ್ತಿಗೂ ಖಚಿತವಿಲ್ಲ. ಬೇಕೆಂದೇ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಗಂಗಮ್ಮ ಎದ್ದು ನಿಂತರು.

"ಇದಿದ್ರ ನಾ ಸೈನ್ ಹಾಕೂದಿಲ್ರಿ. ನನ್ನ ಮಗಳ ಕಣ್ಣಾಗ ಆಕಿ ಅಪ್ಪ ಇನ್ನೂ ನಡಕೋತ ಅದಾರ. ಹಂಗ ಇರ್ಲಿ."

"ಯವ್ವಾ, ಕ್ಲೈಮ್ಯಾಕ್ಸ್ ಇಲ್ಲದ ಸಿನಿಮಾ ಹೆಂಗ ಬಿಡೂದು?" ಗೌಡರ ದನಿ ನಿಜಕ್ಕೂ ಅಳುವಂತಿತ್ತು.

ಗಂಗಮ್ಮ ಬಾಗಿಲವರೆಗೆ ಹೋದರು. ಅಲ್ಲಿ ನಿಂತು ತಿರುಗಿದರು. "ಹೆಣ ಯಾಕ್ರಿ ನಿಮಗ? ಆ ಬೂಟು ತೋರಿಸ್ರಿ ಸಾಕು. ಬೂಟು ಬಿಚ್ಚಿಟ್ಟಾರ ಅಂದ್ರ ಬರಿಗಾಲಾಗ ಬಂದಾರಂತ ಸಣ್ಣ ಮಕ್ಕಳಿಗೂ ತಿಳಿತೈತಿ."

ಒಂದೇ ಶಾಟಿಗೆ ಬರಿಗಾಲು, ಕ್ಲೈಮ್ಯಾಕ್ಸ್ ಎರಡೂ ತಲೆನೋವು ಹೋಗಿದ್ದವು. ಫೈಟುಗಳಿಗೆ ಮುಂಚೆಯೂ ಅದನ್ನೇ ಹಾಕಿ, ಜಿಗಿತದ ಬೂಟನ್ನು ಫ್ರೇಮಿನಿಂದ ಹೊರಗಿಟ್ಟರಾಯಿತು. ಆ ಮಧ್ಯಾಹ್ನವೇ ನನ್ನ ಮಾಳಿಗೆಯ ಮೇಲೆ ಶೂಟ್ ಮಾಡಿದೆವು. ಹುಸೇನಿ ಬೂಟುಗಳನ್ನು ಟವೆಲ್ ಮೇಲೆ ಎರಡೂ ಕೈಯಲ್ಲಿ ಹಿಡಿದು ತಂದು, ಜೋಡಿಸಿಟ್ಟು, ಮುಟ್ಟಿ ಕಣ್ಣಿಗೊತ್ತಿಕೊಂಡ. ಕಣ್ಣಿಗೊತ್ತಿಕೊಂಡದ್ದು ಸ್ಕ್ರಿಪ್ಟಿನಲ್ಲಿರಲಿಲ್ಲ, ಮುಖ ಬಂದದ್ದರಿಂದ ಅಷ್ಟನ್ನು ಕತ್ತರಿಸಬೇಕಾಯಿತು. ಗೌಡರು ಕಣ್ಣೊರೆಸಿಕೊಂಡು, "ಬೂಟಿಗೆ ಮ್ಯೂಸಿಕ್ ಜೋರ ಹಾಕ್ರಿ," ಎಂದರು. ಗಂಗಮ್ಮ ಸಹಿ ಹಾಕಿದರು.

ಸಿರುಗುಪ್ಪದ ಒಂದು ಕಲ್ಯಾಣ ಮಂಟಪದಲ್ಲಿ ಮೊದಲ ಪ್ರದರ್ಶನ. ಖಾಲಿ ಬೂಟು ಕಂಡಾಗ ಬಿದ್ದ ಶಿಳ್ಳೆಗೆ ನನ್ನ ಹಿನ್ನೆಲೆ ಸಂಗೀತವೇ ಕೇಳಲಿಲ್ಲ. ಆಮೇಲೆ ಬರಿಗಾಲಿನ ಬೆನ್ನೊಂದು ದೂಳಿನೊಳಗಿಂದ ನಡೆದು ಬಂತು. ಗಂಗಮ್ಮನ ಮಗಳು ಕುರ್ಚಿಯ ಮೇಲೆ ಹತ್ತಿ ನಿಂತು, "ಅಪ್ಪಾ!" ಎಂದು ಕೂಗಿದಳು. ಗಂಗಮ್ಮ ತಿದ್ದಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಹುಸೇನಿ ತಲೆ ತಗ್ಗಿಸಿದ.

ನೋಡುವವರನ್ನು ನಂಬಿಸುವುದೇ ನನ್ನ ಕಸುಬು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಯಾವುದನ್ನು, ಯಾರ ಕಣ್ಣಿನಿಂದ ದೂರ ಇಡಬೇಕು ಎಂಬುದೂ ಕಸುಬಿನದೇ ಭಾಗ ಎಂದು ಕಲಿಸಿದವರು ಅಂಗನವಾಡಿಯ ಒಬ್ಬ ಹೆಣ್ಣುಮಗಳು.

ಆ ಹುಡುಗಿ ಈಗ ಹುಸೇನಿಯ ಹತ್ತಿರವೇ ಕರಾಟೆ ಕಲಿಯುತ್ತಾಳೆ. ದಿನವೂ ಅವನ ಬೆನ್ನು ನೋಡುತ್ತಾಳೆ, ಹಿಮ್ಮಡಿಯನ್ನೂ ನೋಡಿರುತ್ತಾಳೆ. ಸಿನಿಮಾದಲ್ಲಿ ನಡೆದು ಬಂದವರು ಯಾರೆಂದು ಅವಳಿಗೆ ತಿಳಿದಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಹುಸೇನಿಗೂ ಗೊತ್ತಿಲ್ಲವಂತೆ.