ಬಿಳಿ ಜೆರ್ಸಿಯ ಗಂಟು

ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಜೆರ್ಸಿ ಒಗೆದು, ಇಸ್ತ್ರಿ ಮಾಡಿ, ಗೂಟಕ್ಕೆ ತೂಗುಹಾಕುವುದು ಬಟ್ಟೆಮಾವನ ಕೆಲಸ. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತೋ ಏನೋ! ಎಷ್ಟೋ ಕೋಚುಗಳು ಬಂದರು, ಹೋದರು. ಮಾವ ಮಾತ್ರ ಗೂಟ ಹೊಡೆದುಕೊಂಡು ಕೂತಿದ್ದ. ಅವನ ಹೆಂಡತಿಗೋ ಫುಟ್‌ಬಾಲ್ ಅಂದರೆ ಸವತಿ. "ಸವತಿ ಮನೆ ಹೊಸಿಲು ತುಳಿಯೋಳಲ್ಲ ನಾನು" ಎಂದು ಮೈದಾನದ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಆ ವರ್ಷ ಲೀಗ್ ನಡೆಸುವವರಿಗೂ ಟೀವಿಯವರಿಗೂ ಜಗಳ ಹತ್ತಿಕೊಂಡು ಸೀಸನ್ನೇ ನಿಂತುಹೋಯಿತು. ಇವತ್ತು, ನಾಳೆ ಎನ್ನುತ್ತಾ ತಿಂಗಳುಗಳು ಉರುಳಿದವು. ಕ್ಲಬ್ಬಿಗೆ ಬೀಗ ಬಿತ್ತು. ಇಲಿ ಕಡಿದಾವೆಂದು ಮಾವ ಕೆಂಪು ಜೆರ್ಸಿ, ಬಿಳಿ ಜೆರ್ಸಿ ಎರಡನ್ನೂ ಗಂಟು ಕಟ್ಟಿ ಮನೆಗೆ ತಂದ.

"ಸವತೀನ ಮನೆಗೇ ಕರ್ಕೊಂಡು ಬಂದ್ರಾ?" ಎಂದು ಹೆಂಡತಿ ಸಿಡುಕಿದಳು. ಬೈಯುತ್ತಲೇ ಬಿಸಿಲಿಗೆ ಹಾಕಿದಳು, ಬೀರುವಿನಲ್ಲಿ ನುಸಿಗುಳಿಗೆ ಇಟ್ಟಳು, ಕಿತ್ತುಬಂದಿದ್ದ ಒಂಬತ್ತನೇ ನಂಬರನ್ನು ಹೊಲಿದಳು.

ಅಂತೂ ಇಂತೂ ಆಟ ಶುರುವಾಗುತ್ತದೆಂಬ ಸುದ್ದಿ ಬಂತು! ಆದರೆ ಕಾಲ ಮೀರಿತ್ತಲ್ಲ, ಊರೂರು ಸುತ್ತುವ ಹಳೇ ಪದ್ಧತಿ ಹೋಗಿ ಎಲ್ಲರೂ ಒಂದೇ ಮೈದಾನದಲ್ಲಿ ಆಡಬೇಕು, ಸೋತವರು ಅಲ್ಲಿಗೇ ಮನೆಗೆ ಎಂದಾಯಿತು. ಮೈದಾನ ಯಾವುದು? ಇವರದೇ! ಮಾವ ಕುಣಿದಾಡಿಬಿಟ್ಟ. ಈ ಸೀಸನ್ ಮುಗಿದರೆ ಅವನಿಗೆ ನಿವೃತ್ತಿ. ಒಂದಾದರೂ ಗೆಲುವು ನೋಡಿ ಹೋಗಬೇಕೆಂಬ ಆಸೆ ಬಲವಾಗಿತ್ತು.

ಮೊದಲ ಆಟದ ದಿನ ಕೆಂಪು ಜೆರ್ಸಿಗಳನ್ನು ಸಾಲಾಗಿ ತೂಗುಹಾಕಿ ಮೀಸೆ ತಿರುವುತ್ತಾ ನಿಂತಿದ್ದ. ಮನೆಯ ಮೈದಾನಕ್ಕೆ ಕೆಂಪು, ಹೊರಗೆ ಹೋದರೆ ಬಿಳಿ; ಅದೇ ರೂಢಿ. ಅಷ್ಟರಲ್ಲಿ ಕೋಚ್ ಓಡಿ ಬಂದ.

"ಮಾವಾ, ಕೆಂಪಲ್ಲ, ಬಿಳಿ! ಚೀಟಿ ಎತ್ತಿದಾಗ ನಾವೇ ಹೊರಗಿನ ತಂಡ ಆಗಿದೀವಿ. ಅವರದೂ ಕೆಂಪೇ!"

"ನಮ್ಮನೇಲಿ ನಾವೇ ನೆಂಟರಾ?"

"ನಿನ್ನೆ ಹೇಳಿದ್ನಲ್ಲ!"

ಹೇಳಿದ್ದೂ ನಿಜ, ಮಾವ ತಲೆಯಾಡಿಸಿದ್ದೂ ನಿಜ. ಕೈ ಮಾತ್ರ ತನ್ನ ಪಾಡಿಗೆ ಕೆಂಪು ಗಂಟನ್ನೇ ಎತ್ತಿಕೊಂಡಿತ್ತು. ಸೀಟಿ ಊದುವ ಹೊತ್ತಿಗೆ ಬಿಳಿ ಜೆರ್ಸಿ ಇಲ್ಲದಿದ್ದರೆ ಆಡದೆಯೇ ಸೋಲು. ಮಾವ ಮನೆಗೆ ಫೋನು ಹಚ್ಚಿದ.

"ಲೇ, ಬೀರು ತೆಗಿ, ಬಿಳಿ ಗಂಟು ತಗೊಂಡು ಓಡಿ ಬಾ! ನಿನ್ನ ದಮ್ಮಯ್ಯ ಅಂತೀನಿ ಕಣೇ!"

ಫೋನು ಕಟ್ಟಾಯಿತು. ಹುಡುಗರು ಬರಿಮೈಯಲ್ಲಿ ಕೂತಿದ್ದರು. ರೆಫರಿ ಒಮ್ಮೆ ಇಣುಕಿದ, ಗಡಿಯಾರ ತೋರಿಸಿದ, ಮತ್ತೊಮ್ಮೆ ಇಣುಕಿದ. ಆಗ ಗೇಟು ಕಾಯುವವನನ್ನು ಗದರುವ ಹೆಂಡತಿಯ ದನಿ ಕೇಳಿಸಿತು.

"ಆಡೋರ ಮೈಮೇಲೆ ಬಟ್ಟೆ ಇಲ್ಲ, ನಿನಗೆ ನನ್ನ ಟಿಕೆಟ್ ಬೇಕಾ? ಸರಿಯೋ ಆಚೆ!"

ಗಂಟು ಬಂತು! ಹುಡುಗರು ಸೀನುತ್ತಲೇ ಜೆರ್ಸಿ ಏರಿಸಿದರು.

"ಅತ್ತೇ, ಈ ನುಸಿಗುಳಿಗೆ ವಾಸನೆಗೆ ಅವರು ನಮ್ಮ ಹತ್ರಾನೂ ಸುಳಿಯಲ್ಲ ಬಿಡಿ!" ಎನ್ನುತ್ತಾ ನಾಯಕ ಓಡಿದ.

ಗಂಟು ಕೊಟ್ಟು ಹೊರಟಿದ್ದವಳು ಬೇಲಿಯ ಹತ್ತಿರ ಗಕ್ಕನೆ ನಿಂತಳು. "ರೀ, ಅಲ್ಲಿ ಓಡ್ತಿರೋದು ನಾನು ಹೊಲಿದ ಒಂಬತ್ತು ಅಲ್ವಾ?" ಮುಗಿಯಿತು, ಆಮೇಲೆ ಅವಳು ಕದಲಲಿಲ್ಲ. ಚೆಂಡು ಹೊರಗೆ ಹೋದರೆ ಹಣೆ ಚಚ್ಚಿಕೊಂಡಳು, ರೆಫರಿಗೆ ಹಿಡಿಶಾಪ ಹಾಕಿದಳು. ಆಟ ಇನ್ನೇನು ಮುಗಿಯಬೇಕು, ಒಂಬತ್ತನೇ ನಂಬರಿನವನು ಇಬ್ಬರನ್ನು ದಾಟಿ ನುಗ್ಗಿದ. "ಹೊಡಿಯೋ ನನ್ನಪ್ಪಾ!" ಹೊಡೆದೇಬಿಟ್ಟ! ಗೋಲು! ಗೆಲುವು! ಮಾವನ ಕಣ್ಣಲ್ಲಿ ನೀರು ಬಂತು. ಅವಳು ಅವನ ತೋಳು ಹಿಡಿದು ಅಲುಗಾಡಿಸಿದಳು.

"ಇಷ್ಟು ವರ್ಷ ಒಂದಿನಾನೂ ಯಾಕ್ರೀ ನನ್ನ ಕರೀಲಿಲ್ಲ?"

"ನೀನೇ ಬರಲ್ಲ ಅಂತಿದ್ಯಲ್ಲ!"

"ಅಂತಿದ್ದೆ. ನೀವು ಒಂದ್ಸಲ ಬಾ ಅಂದಿದ್ರಾ?"

ಮಾವ ನೆನಪು ಮಾಡಿಕೊಂಡ. ಒಂದು ಸಲವೂ ಅಂದಿರಲಿಲ್ಲ.

"ಭಾನುವಾರ ಇನ್ನೊಂದು ಆಟ ಇದೆ," ಎಂದ. "ಬಾರೇ."

"ಬರ್ತೀನಿ. ಮೊದಲು ಹೋಗಿ ಯಾವ ಬಣ್ಣ ಅಂತ ಕೇಳ್ಕೊಂಡು ಬನ್ನಿ."