ಗುಲಾಬಿಯ ದೂರದ ನೆಂಟ

ಎಂಬತ್ತರ ದಶಕದಲ್ಲಿ ಸೌದಿಯ ದಹ್ರಾನಿನಲ್ಲಿ ಮನುಷ್ಯ ಏನು ಓದಿದ್ದಾನೆ ಎನ್ನುವುದಕ್ಕಿಂತ ಅವನ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಏನು ಬರೆದಿದೆ ಎನ್ನುವುದೇ ಮುಖ್ಯ. ನನ್ನದರಲ್ಲಿ ಟೈಪಿಸ್ಟ್ ಎಂದಿತ್ತು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು, ಹುಲ್ಲಿಗೂ ಪೈಪಿನ ನೀರೇ ಗತಿಯಾದ ಊರಿನಲ್ಲಿ ಪೈಪುಗಳ ಬಗ್ಗೆ ಟೈಪು ಮಾಡುತ್ತಿದ್ದೆ. ದೂರುವಂತಿರಲಿಲ್ಲ, ಟೈಪಿಂಗ್ ಕಲಿಯದಿದ್ದರೆ ಅದೂ ಸಿಗುತ್ತಿರಲಿಲ್ಲ.

ಆ ವರ್ಷ ನನ್ನ ರಜೆಯ ಅರ್ಜಿ ನಾರ್ವೆ ದೇಶದ ಇಂಜಿನಿಯರ್ ಸಾಹೇಬರ ಮೇಜಿನ ಮೇಲೆ ಕೊಳೆಯುತ್ತಿತ್ತು. ಅವರ ಸಹಿ ಬಿದ್ದರೆ ಮಂಗಳೂರು, ಇಲ್ಲದಿದ್ದರೆ ಮುಂದಿನ ವರ್ಷ. ಮನೆಯಲ್ಲಿ ನಾನಿನ್ನೂ ಕಣ್ಣಾರೆ ಕಾಣದ ಮಗಳಿದ್ದಳು. ನಾನು ಸೌದಿಗೆ ಬಂದ ಮೇಲೆ ಹುಟ್ಟಿದವಳು. ಜ್ಞಾನಸ್ನಾನ ಮುಗಿದು, ಹಲ್ಲು ಬಂದು, ಈಗ ನಡೆಯುತ್ತಲೂ ಇದ್ದಳಂತೆ. ಸಾಹೇಬರು ಮಾತ್ರ ಕೆಲಸ ಬಹಳ ಇದೆ ಎಂದು ಅರ್ಜಿಯನ್ನು ಪಕ್ಕಕ್ಕೆ ತಳ್ಳುತ್ತಿದ್ದರು.

ಒಂದು ಬೆಳಿಗ್ಗೆ ನನ್ನನ್ನು ಕರೆಸಿ, ಗೋಡೆಯ ಮೇಲಿದ್ದ ಚೌಕಟ್ಟನ್ನು ಇಳಿಸಿ ಮುಂದಿಟ್ಟರು. ಗಾಜಿನ ಕೆಳಗೆ ಎಲೆ ಸಮೇತ ಒಣಗಿದ ಬಿಳಿ ಹೂವು. ಮದುವೆಗೆ ಮುಂಚೆ ತಮ್ಮ ದೇಶದ ಉತ್ತರದ ಬೆಟ್ಟದಲ್ಲಿ ಗಂಡಹೆಂಡತಿ ಸೇರಿ ಕಿತ್ತದ್ದಂತೆ. ಇದು ಅನಿಮೋನ್ ಎಂಬ ಬೇರೆಯೇ ಕುಟುಂಬದ ಕಾಡುಹೂವು ಎಂದು ಸಾಹೇಬರ ವಾದ. ಅಲ್ಲ, ಗುಲಾಬಿಯ ಕುಟುಂಬದ್ದು ಎಂದು ಹೆಂಡತಿಯ ವಾದ. ಮದುವೆಯಾದಂದಿನಿಂದ ಅದೇ ಜಗಳ. ಬೇಸಿಗೆಗೆ ತವರಿಗೆ ಹೋಗಿದ್ದ ಆಕೆ ಮುಂದಿನ ವಾರ ಮರಳುವವರಿದ್ದರು.

“ನಿನ್ನ ಫೈಲಿನಲ್ಲಿ ಸಸ್ಯಶಾಸ್ತ್ರ ಎಂದಿದೆ. ಇದು ಅನಿಮೋನ್ ಎಂದು ಬರೆದುಕೊಡು,” ಎಂದ ಸಾಹೇಬರು ನನ್ನ ಅರ್ಜಿಯತ್ತ ಸುಮ್ಮನೆ ಒಮ್ಮೆ ಕಣ್ಣು ಹಾಯಿಸಿದರು.

ನಾಳೆ ಹೇಳುತ್ತೇನೆಂದು ಹೊರಬಂದೆ. ಪಕ್ಕದ ಮೇಜಿನ ಭಟ್ಕಳದ ಗೆಳೆಯನಿಗೆ ವಿಷಯ ತಿಳಿಸಿದೆ.

“ಎಂತ ಮಾರಾಯ ನೀನು! ಹೂವಿನ ಕುಟುಂಬ ಕಟ್ಟಿಕೊಂಡು ನಿನಗೆಂತ ಆಗ್ಬೇಕು? ಸಾಹೇಬ್ರು ಬದನೆಕಾಯಿ ಅಂದ್ರೆ ಬದನೆಕಾಯಿ ಅಂತ ಬರ್ಕೊಡು. ಯಲ್ಲಾ, ಬೇಗ ಸಹಿ ಹಾಕಿಸ್ಕೊಂಡು ಹೋಗಿ ಮಗಳ ಮುಖ ನೋಡು.”

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಅನಿಮೋನ್ ಎಂದೇ ಬರೆಯುವುದೆಂದು ಗಟ್ಟಿ ಮನಸ್ಸು ಮಾಡಿ ಮರುದಿನ ಒಳಗೆ ಹೋದೆ. ಆದರೆ ಕಲಿತ ಚಾಳಿ ಬಿಡಬೇಕಲ್ಲ. ಚೌಕಟ್ಟಿನ ಹಿಂಬದಿ ಬಿಚ್ಚಿ ಹೂವನ್ನು ಮೆಲ್ಲಗೆ ತಿರುಗಿಸಿದೆ. ಎಸಳುಗಳ ಅಡಿಯಲ್ಲಿ ಅವನ್ನು ಹಿಡಿದಿಡುವ ಬಟ್ಟಲು, ಬಣ್ಣ ಮಾಸಿದ ಪುಟ್ಟ ಪುಷ್ಪಪಾತ್ರೆಯಿತ್ತು. ಅನಿಮೋನಿಗೆ ಅದು ಇರುವುದಿಲ್ಲ. ಎಲೆಯ ಬೆನ್ನಿಗೆ ಬಿಳಿ ನವಿರು. ಎಸಳು ಎಂಟು. ಗುಲಾಬಿ ಕುಟುಂಬದ ಕಾಡುಹೂಗಳಿಗೆ ಸಾಮಾನ್ಯವಾಗಿ ಐದೇ ಎಸಳು. ಎಂಟಿರುವ, ಡ್ರಯಾಸ್ ಎಂಬ ಈ ಚಳಿನಾಡಿನ ಹೂವು ಒಂದು ಅಪವಾದ. ಮೌಖಿಕ ಪರೀಕ್ಷೆಯಲ್ಲಿ ನಮ್ಮನ್ನು ಕೆಡವಲೆಂದೇ ಮೇಷ್ಟ್ರು ಇಟ್ಟುಕೊಂಡಿದ್ದ ಪ್ರಶ್ನೆ ಅದು. ಈ ದೇಶಕ್ಕೆ ಬಂದ ಮೇಲೆ ಮೊದಲ ಬಾರಿ ಯಾರೋ ನನ್ನನ್ನು ನಾನು ಓದಿದ್ದರ ಬಗ್ಗೆ ಕೇಳಿದ್ದರು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಗುಲಾಬಿಯ ಕುಟುಂಬವೇ, ಸರ್. ಮೇಡಂ ಹೇಳಿದ್ದು ಸರಿ.”

ಹೇಳುತ್ತಿದ್ದಂತೆಯೇ ನನ್ನ ಮೇಲೆ ನನಗೇ ಸಿಟ್ಟು ಬಂತು. ದೊಡ್ಡ ಹರಿಶ್ಚಂದ್ರ ಬಂದ, ರಜೆ ಹೋಯಿತು ಅಂದುಕೊಂಡೆ.

ಸಾಹೇಬರು ಎದ್ದು ಬಾಗಿಲು ಮುಚ್ಚಿದರು. “ಇದು ಬೇರೆ ಯಾರಿಗಾದರೂ ಗೊತ್ತೇ?” ಎಂದರು.

“ಇಲ್ಲ ಸರ್.”

ಅರ್ಜಿಯನ್ನು ಎಳೆದು ಸಹಿ ಹಾಕಿದರು. ಊರಿಗೆ ಹೋಗಿಬರುವ ವೀಸಾ ನೋಡಿಕೊಳ್ಳುವವರಿಗೆ ತಾವೇ ಫೋನ್ ಮಾಡಿ ಅವಸರಪಡಿಸಿದರು. “ನನ್ನ ಹೆಂಡತಿ ಬರುವಷ್ಟರಲ್ಲಿ ನೀನು ನಿನ್ನ ಊರಿನಲ್ಲಿರಬೇಕು,” ಎಂದರು. ಸತ್ಯ ಹೇಳಿದ್ದಕ್ಕೆ ನನಗೆ ಗಡೀಪಾರಾಯಿತು, ಸಂಬಳದ ರಜೆಯ ಸಮೇತ.

ಮನೆ ತಲುಪಿದಾಗ ಮಗಳು ತಾಯಿಯ ಸೀರೆಯ ಹಿಂದೆ ಅಡಗಿದಳು.

“ಪಪ್ಪ ಎಲ್ಲಿ, ತೋರಿಸು?” ಎಂದಳು ಹೆಂಡತಿ, ಹೆಮ್ಮೆಯಿಂದ.

ಮಗು ಪುಟುಪುಟು ನಡೆದು ಗೋಡೆಯಲ್ಲಿದ್ದ ನನ್ನ ಫೋಟೋಕ್ಕೆ ಬೆರಳು ತೋರಿಸಿತು.

“ಹಾಗಾದ್ರೆ ಇದು ಯಾರು? ಇದೂ ಪಪ್ಪ ಅಲ್ವಾ?”

ಅವಳು ಫೋಟೋ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. ಆಮೇಲೆ ಯಾರ ಮುಲಾಜೂ ಇಲ್ಲದೆ, ಅಲ್ಲ ಎಂದು ತಲೆಯಾಡಿಸಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಕೈಕಾಲು ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋಗಿ ಅತ್ತುಬಿಟ್ಟೆ.