ಸೊಪ್ಪು ಬಸಿದ ನೀರು

ಮೊದಲು ಬಿಗಿಯಾದದ್ದು ಚಪ್ಪಲಿ.

ಶಾಲೆಯಲ್ಲಿ ಪಾಠ ಮುಗಿಸಿ ಬಂದು ಕಳಚಿದರೆ ಪಾದದ ಮೇಲೆ ಪಟ್ಟಿಯ ಅಚ್ಚು ಹಾಗೇ ಉಳಿಯುತ್ತಿತ್ತು. ಅಂಗಡಿಯವನನ್ನು ಬೈದುಕೊಂಡು ಒಂದು ಸೈಜ್ ದೊಡ್ಡದು ತಂದೆ. ಅದೂ ಬಿಗಿಯಾಯಿತು. ಆಮೇಲೆ ತಾರಸಿಯ ಗಿಡಗಳಿಗೆ ನೀರು ಹಾಕಲು ಹತ್ತಿದರೆ ಅರ್ಧ ಮೆಟ್ಟಿಲಿಗೇ ಏದುಸಿರು. ಐವತ್ತು ದಾಟಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ತಪ್ಪನ್ನು ಚಪ್ಪಲಿಯ ಮೇಲೋ ವಯಸ್ಸಿನ ಮೇಲೋ ಹೊರಿಸಿದರೆ ಅವು ಎದುರು ಮಾತಾಡುವುದಿಲ್ಲ ನೋಡಿ. ಕೊನೆಗೆ ಇವರು ಬಲವಂತವಾಗಿ ಬ್ಲಡ್ ಟೆಸ್ಟಿಗೆ ಕರೆದುಕೊಂಡು ಹೋದರು.

ಕಿಡ್ನಿ.

ಡಾಕ್ಟರ್ ಒಳ್ಳೆಯವರು, ಸುತ್ತಿ ಬಳಸಿ ಹೇಳಲಿಲ್ಲ. ಎರಡೂ ಕಿಡ್ನಿ ಅರ್ಧಕ್ಕಿಂತ ಹೆಚ್ಚು ಸೋತಿವೆ. ಸೋತದ್ದು ಮರಳಿ ಬಾರದು, ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ಮುಖ್ಯವಾಗಿ ರಕ್ತದಲ್ಲಿ ಪೊಟ್ಯಾಸಿಯಂ ಏರಬಾರದು, ಏರಿದರೆ ಹೃದಯಕ್ಕೇ ಕುತ್ತು. "ಕಂಟ್ರೋಲ್‌ಗೆ ಬರದಿದ್ದರೆ ಡಯಾಲಿಸಿಸ್ ಶುರು ಮಾಡಬೇಕಾಗುತ್ತದೆ" ಎಂದರು. ನಾನು ಹೂಂ ಎಂದೆ.

ನಾನು ಚಾಮರಾಜನಗರದ ಕಡೆಯಿಂದ ಮದುವೆಯಾಗಿ ಕೊಯಮತ್ತೂರಿಗೆ ಬಂದವಳು. ಇವರ ಮನೆಯವರು ತಲೆಮಾರುಗಳಿಂದ ಇಲ್ಲಿಯವರು. ಅತ್ತೆಗೆ ಕನ್ನಡ ಓದಲು ಬಾರದು, ಮಾತಿನಲ್ಲಿ ಅರ್ಧ ತಮಿಳು. ಆದರೆ ಬಸ್ಸಾರು ಮಾಡುವುದರಲ್ಲಿ ನಮ್ಮ ಊರಿನ ಹೆಂಗಸರು ಅವರ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು. ಆ ಬಸ್ಸಾರಿಗಾಗಿಯೇ ಪೀಳಮೇಡಿನ ನಮ್ಮ ಮನೆಯ ತಾರಸಿಯ ಮೇಲೆ ತೋಟ ಹುಟ್ಟಿದ್ದು. ಚೀಲಗಳಲ್ಲಿ ದಂಟು, ಹರಿವೆ, ಪಾಲಕ್, ಮೆಂತ್ಯ. ಗೋಡೆಯಂಚಿಗೆ ದೊಡ್ಡಪತ್ರೆ, ಪುದೀನ. ನಾನು ಗೊಬ್ಬರ, ನೀರು ನೋಡಿಕೊಂಡರೆ ಅತ್ತೆ ಹುಳ ಹುಡುಕುತ್ತಿದ್ದರು. ನಮ್ಮಿಬ್ಬರಿಗೂ ಜಗಳವಿಲ್ಲದ ಜಾಗವೆಂದರೆ ಅದೊಂದೇ.

ಆಸ್ಪತ್ರೆಯ ಡಯಟಿಷಿಯನ್ ಚಿಕ್ಕ ಹುಡುಗಿ, ಮಾತು ಮಾತ್ರ ಖಡಕ್. ಎಳನೀರು ಬೇಡ, ಬಾಳೆಹಣ್ಣು ಬೇಡ, ಸೊಪ್ಪು ಬೇಡ. ಸೊಪ್ಪು ಎಂದಾಗ ನನ್ನ ಮುಖ ಬಾಡಿದ್ದನ್ನು ನೋಡಿದಳೇನೋ, ಕಾರಣ ಕೇಳಿದಳು. ತಾರಸಿಯ ವಿಷಯ ಹೇಳಿದೆ. ಸ್ವಲ್ಪ ಕರಗಿದಳು. "ಸರಿಂಗ ಅಕ್ಕಾ. ವಾರದಲ್ಲಿ ಎರಡು ಸಲ, ಸ್ವಲ್ಪವೇ ಸ್ವಲ್ಪ. ತುಂಬಾ ನೀರಲ್ಲಿ ಚೆನ್ನಾಗಿ ಬೇಯಿಸಿ, ನೀರನ್ನು ಬಸಿದುಬಿಟ್ಟು ತಿನ್ನಿ" ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದಳು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮನೆಗೆ ಬಂದು ಹೇಳಿದಾಗ ಅತ್ತೆ ನಕ್ಕೇಬಿಟ್ಟರು.

"ಇದಕ್ಕೆ ಅಷ್ಟು ಓದ್ಬೇಕಾ? ನಾವು ಬಸ್ದೇ ತಾನೆ ತಿನ್ನೋದು! ರೊಂಬ ಸುಲಭವಾಯ್ತು ಬಿಡು."

ಅಂದಿನಿಂದ ಅವರೇ ತಾರಸಿಗೆ ಹತ್ತಿ ಎಳೆಯ ಎಲೆಗಳನ್ನೇ ಆರಿಸಿ ತರುತ್ತಿದ್ದರು. ತುಂಬಾ ನೀರಿನಲ್ಲಿ ಬೇಯಿಸುವುದು, ಒಂದು ಹನಿ ಉಳಿಯದಂತೆ ಬಸಿಯುವುದು. ನಾನು ಬೇಳೆ ಕಡಿಮೆ ಮಾಡಿದೆ, ಉಪ್ಪು ಬಿಟ್ಟಷ್ಟೇ ಆಯಿತು, ಹಣ್ಣಿನ ಕಡೆ ತಿರುಗಿ ನೋಡಲಿಲ್ಲ. ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ನಾಟಿ ಮದ್ದು ಹೇಳಿದರು. ಕಿವಿಗೇ ಹಾಕಿಕೊಳ್ಳಲಿಲ್ಲ. ಶಾಲೆಯಲ್ಲಿ ಕೂಡ ನನ್ನಷ್ಟು ಶಿಸ್ತಿನ ವಿದ್ಯಾರ್ಥಿ ಇರಲಿಕ್ಕಿಲ್ಲ.

ಪೊಟ್ಯಾಸಿಯಂ ಏರಿತು.

ಮಾತ್ರೆ ಬದಲಾಯಿತು. ಮತ್ತೆ ಏರಿತು. ಕದ್ದು ಎಳನೀರು ಕುಡಿಯುತ್ತೀರಾ ಎಂದು ಡಾಕ್ಟರ್ ಕೇಳಿದಾಗ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ಹೇಳಿದ್ದನ್ನೆಲ್ಲ ಮಾಡಿದರೂ ಆಗುವುದಿಲ್ಲ ಎಂದರೆ ಇನ್ನೇನು ಉಳಿಯಿತು? ಒಂದು ಬೆಳಿಗ್ಗೆ ಮೆಂತ್ಯದ ಚೀಲದ ಮುಂದೆ ಕೂತವಳಿಗೆ ಏಳಲಾಗಲಿಲ್ಲ. ಕಾಲು ನನ್ನವೇ ಅಲ್ಲ ಎನ್ನುವಂತೆ. ಎದೆಯೊಳಗೆ ಬಡಿತ ತಪ್ಪಿ ತಪ್ಪಿ ಬೀಳುತ್ತಿತ್ತು. ಇವರೂ ಎದುರುಮನೆಯವರೂ ಸೇರಿ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು. ಎಮರ್ಜೆನ್ಸಿ, ಇಸಿಜಿ, ಇಂಜೆಕ್ಷನ್, ಡ್ರಿಪ್. ನಾಳೆಗೂ ಇಳಿಯದಿದ್ದರೆ ಡಯಾಲಿಸಿಸ್ ಎಂದರು.

ಮರುದಿನ ಸ್ವಲ್ಪ ಇಳಿಯಿತು. ಡಯಟಿಷಿಯನ್ ಹುಡುಗಿ ವಾರ್ಡಿಗೆ ಬಂದು ಸ್ಟೂಲು ಎಳೆದುಕೊಂಡು ಕೂತಳು. ಬೆಳಿಗ್ಗೆಯಿಂದ ಏನೇನು ತಿನ್ನುತ್ತೀರಿ, ಒಂದೊಂದಾಗಿ ಹೇಳಿ ಎಂದಳು. ಅತ್ತೆಯೇ ಮುಂದೆ ನಿಂತು ತಮಿಳಿನಲ್ಲಿ ಒಪ್ಪಿಸಿದರು. ಅವರಿಗೆ ಹೆಮ್ಮೆ.

"ಸೊಪ್ಪು ನೀನು ಹೇಳಿದ ಹಾಗೇ, ಬಸಿದು ಪಲ್ಯ."

"ಅನ್ನಕ್ಕೆ?"

"ಸಾರು."

"ಯಾವ ಸಾರು ಅಮ್ಮಾ? ರಸಂ ತಾನೆ?"

"ಇಲ್ಲ ಕಣ್ಣಮ್ಮಾ, ಆ ಬಸಿದ ನೀರಲ್ಲಿ ಮಾಡ್ತೀವಲ್ಲ, ಅದು."

ಹುಡುಗಿ ನನ್ನ ಕಡೆ ತಿರುಗಿದಳು. ನಾನು ಕಣ್ಣು ಮುಚ್ಚಿಕೊಂಡೆ. ಪೊಟ್ಯಾಸಿಯಂ ಎಲ್ಲ ನೀರಿಗೆ ಇಳಿಯಲಿ ಎಂದೇ ಬೇಯಿಸಿ ಬಸಿಯುವುದು. ಆ ನೀರಿಗೆ ನಾವು ಮಸಾಲೆ ರುಬ್ಬಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಅನ್ನಕ್ಕೆ ಕಲಸಿ, ಬಟ್ಟಲಲ್ಲೂ ಕುಡಿಯುತ್ತಿದ್ದೆವು. ಬಸಿಯಿರಿ ಎಂದರೆ ಚೆಲ್ಲಿರಿ ಎಂದು ಬೇರೆ ಹೇಳಬೇಕು ಎಂಬುದು ಆ ಮಗುವಿಗೆ ಹೇಗೆ ಗೊತ್ತಾಗಬೇಕು? ಸೊಪ್ಪಿನ ನೀರು ಚೆಲ್ಲುವ ಮನೆ ನಾನೂ ಕಂಡವಳಲ್ಲ.

ಅತ್ತೆಗೆ ಅರ್ಥವಾದಾಗ ಅವರ ಮುಖ ನೋಡಲಾಗಲಿಲ್ಲ. "ನಾನೇ ಕೈಯ್ಯಾರೆ ಬಡಿಸ್ದೆನಾ?" ಎಂದು ಮಂಚದ ಕಂಬಿ ಹಿಡಿದು ನಿಂತರು.

"ಅತ್ತೆ, ಕೆಮಿಸ್ಟ್ರಿ ಟೀಚರ್ ನಾನು. ಯಾವುದು ನೀರಲ್ಲಿ ಕರಗುತ್ತೆ ಅಂತ ಪಾಠ ಮಾಡೋಳು. ಬಯ್ಯೋದಿದ್ರೆ ಮೊದ್ಲು ನನ್ನನ್ನ ಬಯ್ಯಿ" ಎಂದೆ. ಅವರು ನಗಲಿಲ್ಲ.

ಮನೆಗೆ ಬಂದ ಮೇಲೆ ಅವರು ಸೊಪ್ಪು ಮುಟ್ಟುವುದನ್ನೇ ಬಿಟ್ಟರು. ತಾರಸಿಗೂ ಹೋಗಲಿಲ್ಲ. ಹಿಡಿ ಪಲ್ಯ ಬೇಕೆನಿಸಿದರೆ ನಾನೇ ಬೇಯಿಸಿ ನೀರು ಚೆಲ್ಲುತ್ತಿದ್ದೆ. ಆ ಸದ್ದಿಗೆ ಅವರು ಆಚೆ ಕೋಣೆಗೆ ಎದ್ದು ಹೋಗುತ್ತಿದ್ದರು. ನನ್ನ ಕಾಯಿಲೆಯನ್ನು ನಾನು ಹೇಗೋ ಹೊರುತ್ತಿದ್ದೆ. ಅವರು ಹೊತ್ತಿದ್ದ ಭಾರ ಇಳಿಸುವ ದಾರಿ ತಿಳಿಯದೆ ಸಂಕಟವಾಗುತ್ತಿತ್ತು.

ಮುಂದಿನ ಎರಡು ರಿಪೋರ್ಟಿನಲ್ಲೂ ಪೊಟ್ಯಾಸಿಯಂ ಮಿತಿಯೊಳಗಿತ್ತು. ಹೀಗೇ ಇದ್ದರೆ ಡಯಾಲಿಸಿಸ್ ಅನ್ನು ಬಹಳ ದೂರ ತಳ್ಳಬಹುದು ಎಂದರು ಡಾಕ್ಟರ್. ಬರುವುದೇ ಇಲ್ಲ ಎನ್ನಲಿಲ್ಲ. ದೂರ ಎಂಬ ಮಾತನ್ನು ನಾನು ಭದ್ರವಾಗಿ ಹಿಡಿದುಕೊಂಡು ಮನೆಗೆ ಬಂದೆ.

ಆ ಭಾನುವಾರ ನಿಧಾನಕ್ಕೆ ಮೆಟ್ಟಿಲು ಹತ್ತಿ ಮಡಿಲು ತುಂಬ ದಂಟು ಕಿತ್ತು ತಂದೆ. ಬೇಳೆಯ ಜೊತೆ ಬೇಯಿಸಿ ಬಸಿದೆ. ನೀರು ಚೆಲ್ಲಲಿಲ್ಲ. ಮಸಾಲೆ ರುಬ್ಬುವ ಸದ್ದಿಗೆ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು, ಮುಖ ಬಿಳಿಚಿತ್ತು.

"ಯಾರಿಗೆ ಅದು?"

"ನಿಮಗೆ, ನಿಮ್ಮ ಮಗನಿಗೆ."

"ನಂಗೆ ಬ್ಯಾಡ. ನೀನು ತಿನ್ನದ್ದು ನನ್ನ ಗಂಟಲಲ್ಲಿ ಎಲ್ಲಿ ಇಳೀತದೆ?"

"ಅತ್ತೆ, ಕೆಟ್ಟಿರೋದು ನನ್ನ ಕಿಡ್ನಿ, ನಿಮ್ದಲ್ಲ. ಸುಮ್ನೆ ಬಂದು ಕೂತ್ಕೊಳ್ಳಿ."

ಒಗ್ಗರಣೆಯ ಘಮಕ್ಕೆ ಬಾಯಲ್ಲಿ ನೀರೂರಿತು. ಸುಳ್ಳೇಕೆ, ತುಂಬಾ ಆಸೆಯಾಯಿತು. ಆದರೆ ಸೌಟನ್ನು ಅಂಗೈಗೆ ಬಗ್ಗಿಸಿ ರುಚಿ ನೋಡುವ ಹಾಗಿಲ್ಲ. ಉಪ್ಪಿನ ಅಳತೆಯೂ ಕೈಗೆ ಮರೆತುಹೋಗಿತ್ತು. ಅಂದಾಜಿಗೆ ಹಾಕಿ ಇಬ್ಬರಿಗೂ ಬಡಿಸಿದೆ. ಬೇರೆ ತಟ್ಟೆಯಲ್ಲಿ ನನ್ನ ಹಿಡಿ ಪಲ್ಯವಿಟ್ಟುಕೊಂಡು ಎದುರಿಗೆ ಕೂತೆ.

ಇವರು ಒಂದು ತುತ್ತು ಬಾಯಿಗಿಟ್ಟು ಉಪ್ಪಿನ ಡಬ್ಬಿಯತ್ತ ಕೈ ಚಾಚಿದರು. ಅತ್ತೆ ಮಗನನ್ನು ದುರುಗುಟ್ಟಿ ನೋಡಿದರು. ಚಾಚಿದ ಕೈ ಹಿಂದಕ್ಕೆ ಹೋಯಿತು.

"ಉಪ್ಪು ಹೇಗಿದೆ ಅತ್ತೆ?"

"ಸರಿಯಾಗೈತೆ" ಎಂದು ಅವರು ತಟ್ಟೆ ಮುಂದೆ ತಳ್ಳಿದರು. "ಇನ್ನೊಂದು ಸೌಟು ಹಾಕು."